ಕೋಣನಕುಂಟೆಯ ಆ ಮನೆ: ಮನುಷ್ಯ ರಾಕ್ಷಸ ಆಗೋದು ಹೇಗೆ?

ಭಾಗ 1/10

ಜಯನಗರ ಸ್ಟೇಷನ್ನಲ್ಲಿ ಹಸಿರು ಮೆಟ್ರೋ ಹತ್ತಿ. ಆರ್.ವಿ. ರೋಡ್, ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿ ದಾಟಿದ ಮೇಲೆ ಐದನೇ ಸ್ಟಾಪ್ ಕೋಣನಕುಂಟೆ ಕ್ರಾಸ್. ನಮ್ಮಲ್ಲಿ ಸುಮಾರು ಜನಕ್ಕೆ ಅದು ಗೊತ್ತಿರೋದು ಮಾಲ್ ಇರೋ ಸ್ಟಾಪ್ ಅಂತ. 1991ರಲ್ಲಿ ಅಲ್ಲಿ ಮಾಲೂ ಇರಲಿಲ್ಲ, ಮೆಟ್ರೋನೂ ಇರಲಿಲ್ಲ. ಕೋಣನಕುಂಟೆ ಅಂದ್ರೆ ಊರಾಚೆಯ ಒಂದು ಹಳ್ಳಿ.

ಆ ವರ್ಷ ಆಗಸ್ಟ್ 20ರ ಬೆಳಗಿನ ಜಾವ, ಆ ಹಳ್ಳಿಯ ಒಂದು ಬಾಡಿಗೆ ಮನೆಗೆ ಕಮಾಂಡೋಗಳು ನುಗ್ಗಿದರು. ಒಳಗೆ ಏಳು ಹೆಣಗಳಿದ್ದವು. ಅದರಲ್ಲಿ ಒಂದು, ಇಡೀ ದೇಶ ಮೂರು ತಿಂಗಳಿಂದ ಹುಡುಕುತ್ತಿದ್ದ ಶಿವರಾಸನ್‌ದು. ರಾಜೀವ್ ಗಾಂಧಿ ಹತ್ಯೆಯನ್ನು ಸ್ಥಳದಲ್ಲೇ ನಿಂತು ನಡೆಸಿದವನು. ಪೇಪರ್‌ಗಳು ಅವನಿಗೆ ಇಟ್ಟ ಹೆಸರು 'ಒಂಟಿಕಣ್ಣು'.

ಈ ಸರಣಿ ಪತ್ತೇದಾರಿ ಕಥೆ ಹೇಳೋಕಲ್ಲ, ಅದನ್ನು ಸಿನಿಮಾದವರು ಹೇಳಿ ಆಗಿದೆ. ನನಗಿರೋದು ಎರಡು ಪ್ರಶ್ನೆ. ಒಬ್ಬ ಮನುಷ್ಯ ರಾಕ್ಷಸ ಆಗೋದು ಹೇಗೆ? ಅದರಲ್ಲಿ 'ಫೇಮಸ್' ಅನ್ನೋ ಪದಕ್ಕೆ ಏನು ಪಾತ್ರ?

ರಾಕ್ಷಸ ಅಂದ ಕೂಡಲೇ ನಮಗೆ ನೆನಪಾಗೋದು ಚಾಮುಂಡಿ ಬೆಟ್ಟದ ಮಹಿಷಾಸುರ. ದೊಡ್ಡ ಮೀಸೆ, ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು. ದೂರದಿಂದಲೇ ಗುರುತು ಸಿಗುತ್ತೆ. ಆದರೆ ಯಕ್ಷಗಾನದ ಚೌಕಿಗೆ ಹೋಗಿ ನೋಡಿದವರಿಗೆ ಗೊತ್ತು: ಬಣ್ಣದ ವೇಷದವನು ಸಂಜೆ ಬಂದಾಗ ಮಾಮೂಲಿ ಮನುಷ್ಯ. ಕನ್ನಡಿ ಮುಂದೆ ಗಂಟೆಗಟ್ಟಲೆ ಕೂತು ಬಣ್ಣದ ಮೇಲೆ ಬಣ್ಣ, ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ಮೇಲೆ ರಾಕ್ಷಸ. ಒಂದೇ ಏಟಿಗೆ ಆಗೋ ಕೆಲಸ ಅಲ್ಲ ಅದು.

ಆ ಚೌಕಿ ಮಾತನ್ನು ನೆನಪಿಟ್ಟುಕೊಳ್ಳಿ. ಸ್ವೈಪ್ ಮಾಡಿ.

ಭಾಗ 2/10: ಹಾರ

ಮೊದಲು ಸತ್ತವರ ಕಡೆಯಿಂದ ಶುರು ಮಾಡೋಣ.

ರಾಜೀವ್ ಗಾಂಧಿ ಇಂಡಿಯನ್ ಏರ್‌ಲೈನ್ಸ್ ಪೈಲಟ್ ಆಗಿದ್ದವರು. 1980ರಲ್ಲಿ ತಮ್ಮ ಸಂಜಯ್ ವಿಮಾನ ಅಪಘಾತದಲ್ಲಿ ಸತ್ತ ಮೇಲೆ ರಾಜಕೀಯಕ್ಕೆ ಬಂದರು. 1984ರ ಅಕ್ಟೋಬರ್ 31ರಂದು ತಾಯಿ ಇಂದಿರಾ ಕೊಲೆಯಾದ ದಿನವೇ ಪ್ರಧಾನಿ. ಆಗ ವಯಸ್ಸು 40. 1989ರಲ್ಲಿ ಅಧಿಕಾರ ಹೋಯ್ತು. ಆಗಿನ ಎಸ್‌ಪಿಜಿ ಕಾನೂನು ಹಾಲಿ ಪ್ರಧಾನಿಗೆ ಮಾತ್ರ ಅನ್ವಯ ಆಗ್ತಿದ್ದರಿಂದ ಆ ರಕ್ಷಣೆಯೂ ಹೋಯ್ತು.

1991ರ ಚುನಾವಣೆಗೆ ಅವರು ಜನರ ಮಧ್ಯೆ ನುಗ್ಗಿ ಓಡಾಡುತ್ತಿದ್ದರು. ಕೈ ಕುಲುಕೋದು, ಹಾರ ಹಾಕಿಸಿಕೊಳ್ಳೋದು, ಎಲ್ಲವೂ. ಜನರಿಂದ ದೂರ ಆಗಿದ್ದಾರೆ ಅನ್ನೋ ಮಾತನ್ನು ತೊಳೆದುಕೊಳ್ಳಬೇಕಿತ್ತು.

ಮೇ 21ರ ರಾತ್ರಿ, ಚೆನ್ನೈ ಹತ್ತಿರದ ಶ್ರೀಪೆರಂಬದೂರು. ಹತ್ತು ಗಂಟೆ ದಾಟಿತ್ತು. ಕೈಯಲ್ಲಿ ಗಂಧದ ಹಾರ ಹಿಡಿದು ಒಬ್ಬ ಯುವತಿ ನಿಂತಿದ್ದಳು, ಧನು. ಹತ್ತಿರ ಬಂದಾಗ ಸಬ್ ಇನ್‌ಸ್ಪೆಕ್ಟರ್ ಅನಸೂಯಾ ತಡೆದರು. ಎಲ್ಲರಿಗೂ ಅವಕಾಶ ಸಿಗಲಿ ಅಂತ ರಾಜೀವ್ ಅವರೇ ಹೇಳಿದರು ಅಂತ ಬದುಕುಳಿದ ಅನಸೂಯಾ ಆಮೇಲೆ ನೆನಪಿಸಿಕೊಂಡಿದ್ದಾರೆ. ಧನು ಹಾರ ಹಾಕಿದಳು, ಕಾಲು ಮುಟ್ಟೋಕೆ ಬಗ್ಗಿದಳು, ಸೊಂಟದಲ್ಲಿದ್ದ ಬಾಂಬ್ ಸಿಡಿಸಿದಳು.

ಈಗ ಆ ಕೊಲೆಯ ಸಾಮಾನುಗಳ ಪಟ್ಟಿ ನೋಡಿ. ಒಂದು ಹಾರ. ಒಂದು ನಮಸ್ಕಾರ. ಫೋಟೋಗೆ ಕ್ಲಿಕ್ ಆಗ್ತಿರೋ ಒಂದು ಕ್ಯಾಮೆರಾ. ಬಾಂಬ್ ಒಂದನ್ನು ಬಿಟ್ಟರೆ ಬಾಕಿ ಎಲ್ಲವೂ ಒಬ್ಬ ಫೇಮಸ್ ಮನುಷ್ಯನಿಗೆ ನಾವು ದಿನಾ ಕೊಡೋ ಮರ್ಯಾದೆ. ಕೊಲೆಗಾರರು ಹೊಸ ದಾರಿ ಕೊರೆಯಲಿಲ್ಲ. ಜನಪ್ರಿಯತೆ ತೆರೆದಿಟ್ಟಿದ್ದ ಬಾಗಿಲಿನಿಂದಲೇ ಒಳಗೆ ಬಂದರು.

ಭಾಗ 3/10: ಹತ್ತು ಫೋಟೋ

ಈ ಆ್ಯಪ್‌ನಲ್ಲಿ ಇರೋ ನಮಗೆಲ್ಲ ಈ ಭಾಗ ಸ್ವಲ್ಪ ಚುಚ್ಚಬೇಕು.

ಕೊಲೆಗಾರರ ತಂಡದ ಜೊತೆ ಹರಿಬಾಬು ಅನ್ನೋ ಯುವ ಫೋಟೋಗ್ರಾಫರ್ ಬಂದಿದ್ದ. ಗಂಧದ ಹಾರ ಕೊಂಡು ತಂದವನೂ ಅವನೇ. ಅವನ ಕೆಲಸ ಫೋಟೋ ತೆಗೆಯೋದು. ಸ್ಫೋಟದಲ್ಲಿ ಅವನೂ ಸತ್ತ. ಬಾಂಬ್ ವಿಷಯ ಪೂರ್ತಿ ಗೊತ್ತಿದ್ದಿದ್ರೆ ಅಷ್ಟು ಹತ್ತಿರ ಯಾಕೆ ನಿಲ್ತಿದ್ದ ಅಂತ ಅವತ್ತಿಂದ ಇವತ್ತಿನವರೆಗೂ ಕೇಳೋರಿದ್ದಾರೆ. ಆದರೆ ಅವನ ಕ್ಯಾಮೆರಾ ಉಳಿಯಿತು. ಒಳಗಿದ್ದ ರೀಲಿನಲ್ಲಿ ಹತ್ತು ಚಿತ್ರ.

ಒಂದು ಚಿತ್ರದಲ್ಲಿ ಧನು ಹಾರ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ರಾಜೀವ್ ಮುಂದೆ ಕವಿತೆ ಓದಲು ಬಂದಿದ್ದ ಒಬ್ಬ ಪುಟ್ಟ ಹುಡುಗಿ, ಅವಳ ಅಮ್ಮ. ಸ್ವಲ್ಪ ಆಚೆ ಬಿಳಿ ಕುರ್ತಾ ಪೈಜಾಮದಲ್ಲಿ ಪತ್ರಕರ್ತನ ಹಾಗೆ ನೋಟ್‌ಬುಕ್ ಹಿಡಿದ ಶಿವರಾಸನ್.

ಒಂದೇ ಫ್ರೇಮಿನಲ್ಲಿ ಎಲ್ಲರೂ ಇದ್ದಾರೆ. ಗೊತ್ತಿಲ್ಲದವರಿಗೆ ತೋರಿಸಿ 'ಇದರಲ್ಲಿ ರಾಕ್ಷಸರು ಯಾರು?' ಅಂತ ಕೇಳಿ ನೋಡಿ. ಯಾರಿಗೂ ಆಗಲ್ಲ. ಧನು ಕನ್ನಡಕ ಹಾಕಿ, ಸಲ್ವಾರ್ ಕಮೀಜ್ ತೊಟ್ಟು, ಮುಡಿಗೆ ಹೂವು ಮುಡಿದಿದ್ದಾಳೆ. ಯಾರ ಮನೆ ಮದುವೆಯಲ್ಲೂ ಸಿಗೋ ಅಕ್ಕನ ಹಾಗೆ.

ಆ ಅಮ್ಮ, ಆ ಹುಡುಗಿ ಇಬ್ಬರೂ ಸತ್ತರು. ರಾಜೀವ್ ಜೊತೆ ಅವತ್ತು ಹದಿನೈದರಷ್ಟು ಜೀವ ಹೋಯ್ತು, ಅದರಲ್ಲಿ ಒಂಬತ್ತು ಮಂದಿ ಪೊಲೀಸರು.

ಇದಕ್ಕೆ ಎರಡು ವಾರ ಮುಂಚೆ, ಮೇ 7ಕ್ಕೆ, ಇದೇ ಗುಂಪು ಚೆನ್ನೈನಲ್ಲಿ ವಿ.ಪಿ. ಸಿಂಗ್ ಸಭೆಗೆ ಹೋಗಿ ಬಂದಿತ್ತು. ರಿಹರ್ಸಲ್‌ಗೆ. ಹತ್ತಿರ ಹೋಗೋದು ಎಷ್ಟು ಸುಲಭ ಅಂತ ನೋಡೋಕೆ. ಸುಲಭವಾಗೇ ಇತ್ತು.

ಭಾಗ 4/10: ಮೊದಲ ಬಣ್ಣ, ಗಾಯ

ಈಗ ಚೌಕಿಗೆ ಹೋಗೋಣ. ಬಣ್ಣ ಹೇಗೆ ಕೂತಿತು?

ಮೊದಲ ಪದರ ಸುಳ್ಳಲ್ಲ, ನಿಜವಾದ ಗಾಯ. ಶ್ರೀಲಂಕಾದಲ್ಲಿ 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಅಂತ ಕಾನೂನು ಬಂತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕ, ತಾಳೆಗರಿ ಎಲ್ಲ ಬೂದಿ. ಭಾಷೆಗಾಗಿ ಬೀದಿಗಿಳಿಯೋ ಊರಿನವರು ನಾವು, ಆ ನೋವು ನಮಗೆ ಅರ್ಥ ಆಗಬೇಕು.

1983ರ ಜುಲೈನಲ್ಲಿ ಎಲ್‌ಟಿಟಿಇ 13 ಸೈನಿಕರನ್ನು ಕೊಂದಿತು. ಅದಕ್ಕೆ ಸೇಡು ಅಂತ ಕೊಲಂಬೋದ ಬೀದಿಗಳಲ್ಲಿ ಸಾಮಾನ್ಯ ತಮಿಳರನ್ನು ಹುಡುಕಿ ಹುಡುಕಿ ಕೊಂದರು. ಮತದಾರರ ಪಟ್ಟಿ ಹಿಡಿದು ಮನೆ ಗುರುತಿಸಿದರು. ಅಲ್ಲಿಂದ ಸಾವಿರಾರು ಹುಡುಗರು ಬಂದೂಕು ಹಿಡಿದರು. ಅವರಿಗೆ ಆಗ ತರಬೇತಿ ಕೊಟ್ಟವರಲ್ಲಿ ನಮ್ಮ ದೇಶವೂ ಇತ್ತು.

1987ರ ಜುಲೈ 29ರಂದು ರಾಜೀವ್, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಪಾಡಲು ಭಾರತದ ಸೇನೆ ಹೋಯ್ತು. ಕೆಲವೇ ತಿಂಗಳಲ್ಲಿ ಅದೇ ಸೇನೆಗೂ ಎಲ್‌ಟಿಟಿಇಗೂ ಯುದ್ಧ. 1990ರ ಮಾರ್ಚ್‌ನಲ್ಲಿ ಸೇನೆ ವಾಪಸ್ ಬರೋ ಹೊತ್ತಿಗೆ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಅಲ್ಲಿನ ಜನರ ಮೇಲೆ ಸೇನೆ ದೌರ್ಜನ್ಯ ಮಾಡಿತು ಅನ್ನೋ ಗಂಭೀರ ಆರೋಪಗಳೂ ಉಳಿದವು. ರಾಜೀವ್ ಮತ್ತೆ ಗೆದ್ದರೆ ಸೇನೆ ಮತ್ತೆ ಬರುತ್ತೆ ಅನ್ನೋ ಭಯವೇ ಕೊಲೆಗೆ ಕಾರಣ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ ಗಾಯ ಆದವರೆಲ್ಲ ರಾಕ್ಷಸರಾಗ್ತಾರಾ? ಇಲ್ಲ. ಮನೆ ಕಳಕೊಂಡ ಲಕ್ಷಾಂತರ ತಮಿಳರು ಯಾರನ್ನೂ ಕೊಲ್ಲಲಿಲ್ಲ. ಕ್ಯಾಂಪ್‌ಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು, ದೋಣಿ ಹತ್ತಿ ಬೇರೆ ದೇಶಕ್ಕೆ ಹೋಗಿ ಪಾತ್ರೆ ತೊಳೆದರು. ಗಾಯ ಒಂದೇ ಸಾಲಲ್ಲ. ಎರಡನೇ ಬಣ್ಣ ಬೇಕು.

ಭಾಗ 5/10: ಎರಡನೇ ಬಣ್ಣ, ಹೆಸರು

ಎರಡನೇ ಬಣ್ಣ ಕೀರ್ತಿ. ಹೌದು, ಫೇಮ್.

ಎಲ್‌ಟಿಟಿಇ ಸೇರಿದವರ ಕುತ್ತಿಗೆಗೆ ಸಯನೈಡ್ ಕುಪ್ಪಿ ಕಟ್ಟುತ್ತಿದ್ದರು. ಜೀವಂತ ಸಿಕ್ಕಬಾರದು ಅಂತ. 1987ರ ಜುಲೈ 5ರಂದು ಒಬ್ಬ ಯುವಕ ಸ್ಫೋಟಕ ತುಂಬಿದ ಲಾರಿಯನ್ನು ಸೇನೆಯ ಶಿಬಿರಕ್ಕೆ ನುಗ್ಗಿಸಿ ಸತ್ತ. ಆ ದಿನವೇ ಪ್ರತಿ ವರ್ಷ 'ಕರಿಹುಲಿ'ಗಳ ದಿನ ಆಯಿತು. ನವೆಂಬರ್ 27 ಸತ್ತವರೆಲ್ಲರ 'ವೀರರ ದಿನ'. ಸಾಯೋಕೆ ಹೊರಟವರಿಗೆ ನಾಯಕ ಪ್ರಭಾಕರನ್ ಜೊತೆ ಕೊನೆಯ ಊಟ, ಜೊತೆಯಲ್ಲೊಂದು ಫೋಟೋ. ಸತ್ತ ಮೇಲೆ ಗೋಡೆ ಮೇಲೆ ಪೋಸ್ಟರ್.

ಹದಿನೆಂಟು, ಇಪ್ಪತ್ತು ವಯಸ್ಸಿನವರನ್ನು ನೆನೆಸಿಕೊಳ್ಳಿ, ಅಂದ್ರೆ ನಮ್ಮನ್ನೇ. 'ನೀನು ಬದುಕಿದ್ರೆ ಯಾರೂ ಅಲ್ಲ, ಸತ್ತರೆ ಎಲ್ಲರ ಮನೆಯಲ್ಲೂ ನಿನ್ನ ಫೋಟೋ' ಅಂತ ಯಾರಾದರೂ ದಿನಾ ಹೇಳಿದರೆ? ಅದರಲ್ಲೂ ನಿನ್ನ ಮನೆ ಸುಟ್ಟಿರುವಾಗ ಹೇಳಿದರೆ?

ಈ ಬಣ್ಣ ಮನುಷ್ಯನನ್ನು ಒಂದು ಚಿತ್ರ ಮಾಡುತ್ತೆ. ತಾನು ಚಿತ್ರ ಆದವನಿಗೆ ಎದುರಿಗಿರೋರೂ ಚಿತ್ರವೇ. ಧನು ಕಣ್ಣಿಗೆ ರಾಜೀವ್ ಅಂದ್ರೆ ಇಬ್ಬರು ಮಕ್ಕಳ ಅಪ್ಪ ಅಲ್ಲ, ಒಂದು ಪೋಸ್ಟರ್. ಪಕ್ಕದಲ್ಲಿ ನಿಂತಿದ್ದ ಆ ಪುಟ್ಟ ಹುಡುಗಿ? ಅವಳು ಆ ಲೆಕ್ಕದಲ್ಲೇ ಇರಲಿಲ್ಲ. ಕಳಿಸಿದವರಿಗೋ, ಧನು ಅಂದ್ರೆ ಒಂದು ಬೆಲ್ಟ್ ಹೊರೋ ಸೊಂಟ, ಅಷ್ಟೇ.

ಈ ಸಂಘಟನೆ ತಮಿಳರನ್ನೂ ಬಿಡಲಿಲ್ಲ. 1990ರ ಜೂನ್‌ನಲ್ಲಿ ಚೆನ್ನೈನಲ್ಲೇ ಇನ್ನೊಂದು ತಮಿಳು ಸಂಘಟನೆಯ ನಾಯಕ ಪದ್ಮನಾಭ ಮತ್ತು ಸಂಗಡಿಗರ ಕೊಲೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ಉತ್ತರ ಶ್ರೀಲಂಕಾದ ಮುಸ್ಲಿಮರನ್ನು ಮನೆ ಬಿಡಿಸಿ ಓಡಿಸಿದರು. ಅವರೂ ಮಾತಾಡ್ತಿದ್ದದ್ದು ತಮಿಳೇ.

ಭಾಗ 6/10: ಪೋಸ್ಟರ್ ಆದವನು

ಕೊಲೆಯ ತನಿಖೆಗೆ ವಿಶೇಷ ತಂಡ ಬಂತು. ಮುಖ್ಯಸ್ಥರು ಡಿ.ಆರ್. ಕಾರ್ತಿಕೇಯನ್, ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ. ಹರಿಬಾಬುವಿನ ಹತ್ತು ಫೋಟೋಗಳೇ ದಾರಿ ತೋರಿಸಿದವು. ಬಿಳಿ ಕುರ್ತಾದವನು ಯಾರು ಅಂತ ಹುಡುಕುತ್ತಾ ಹೋದಾಗ ಶಿವರಾಸನ್ ಹೆಸರು ಸಿಕ್ಕಿತು. ಯುದ್ಧದಲ್ಲಿ ಒಂದು ಕಣ್ಣು ಕಳಕೊಂಡಿದ್ದ ಜಾಫ್ನಾದ ಮನುಷ್ಯ.

ಟಿವಿ, ಪೇಪರ್, ಗೋಡೆ, ಎಲ್ಲ ಕಡೆ ಅವನ ಮುಖ. ಪೇಟ ಸುತ್ತಿದರೆ ಹೀಗೆ, ಗಡ್ಡ ಬಿಟ್ಟರೆ ಹೀಗೆ ಅಂತ ಬೇರೆ ಬೇರೆ ವೇಷದ ಚಿತ್ರಗಳು. ಯಾರಿಗೂ ಕಾಣದ ಹಾಗೆ ಕೆಲಸ ಮಾಡೋದೇ ಅವನ ಕಸುಬು. ಒಂದೇ ತಿಂಗಳಲ್ಲಿ ದೇಶದ ಅತಿ ಪರಿಚಿತ ಮುಖ ಆಗಿಬಿಟ್ಟ.

ಜೂನ್ ಕೊನೆಯಲ್ಲಿ ಅವನು, ಜೊತೆಗಿದ್ದ ಶುಭಾ ಮತ್ತು ಇನ್ನೊಬ್ಬ ಟ್ಯಾಂಕರ್ ಲಾರಿಯೊಳಗೆ ಅಡಗಿ ಚೆನ್ನೈನಿಂದ ಬೆಂಗಳೂರಿಗೆ ಬಂದರು. ಇಂದಿರಾನಗರದಲ್ಲಿ ಸ್ವಲ್ಪ ದಿನ, ಆಮೇಲೆ ನಮ್ಮ ಪುಟ್ಟೇನಹಳ್ಳಿ, ಕೊನೆಗೆ ಕೋಣನಕುಂಟೆ. ಬಾಡಿಗೆಗೆ ಮನೆ ಹುಡುಕಿಕೊಟ್ಟವರು ಊರಿನವರೇ.

ಯೋಚಿಸಿ, ಊರಿನವರೆಲ್ಲ ಹುಡುಕುತ್ತಿದ್ದದ್ದು ಪೋಸ್ಟರಿನ ಒಂಟಿಕಣ್ಣಿನ ರಾಕ್ಷಸನನ್ನು. ಬಂದು ಸೇರಿದವರು ಹಾಲು, ತರಕಾರಿ, ಸೀಮೆಎಣ್ಣೆ ಬೇಕಾದ ಬಾಡಿಗೆದಾರರು. ರಾಕ್ಷಸ ರಾಕ್ಷಸನ ಹಾಗೇ ಕಾಣ್ತಾನೆ ಅಂತ ನಂಬಿದ್ದೇ ಅವನಿಗೆ ಸಿಕ್ಕ ದೊಡ್ಡ ರಕ್ಷಣೆ. ಪೋಸ್ಟರ್‌ಗಿಂತ ಒಳ್ಳೆ ಮುಸುಕು ಇನ್ನೊಂದಿಲ್ಲ.

ಭಾಗ 7/10: ಆಗಸ್ಟ್ 18, 19, 20

ಆಗಸ್ಟ್ ಮಧ್ಯದಲ್ಲಿ ಮಂಡ್ಯ ಜಿಲ್ಲೆಯ ಮುತ್ತತ್ತಿ ಕಡೆ ಅಡಗಿದ್ದ ಎಲ್‌ಟಿಟಿಇಯವರನ್ನು ಪೊಲೀಸರು ಸುತ್ತುವರಿದಾಗ ಹಲವರು ಸಯನೈಡ್ ನುಂಗಿದರು. ಅದೇ ಹೊತ್ತಿಗೆ ಕೋಣನಕುಂಟೆ ಮನೆಯ ಸುಳಿವೂ ಸಿಕ್ಕಿತು.

18ರ ರಾತ್ರಿಯಿಂದ ಮನೆಗೆ ಕಾವಲು. ಕಮಾಂಡೋಗಳು ಬಂದರು. ಆದರೆ ಒಳಗೆ ನುಗ್ಗೋಕೆ ಅಪ್ಪಣೆ ಸಿಗಲಿಲ್ಲ. ಜೀವಂತ ಹಿಡಿಯಬೇಕು, ವಿಷಕ್ಕೆ ಮದ್ದು ಸಿದ್ಧ ಇರಬೇಕು ಅಂತ ಮೇಲಿನಿಂದ ಕಾಯೋಕೆ ಹೇಳಿದರು. 19ರ ಸಂಜೆ ಗುಂಡಿನ ಚಕಮಕಿ. ಆಮೇಲೆ ಮೌನ. 20ರ ಮುಂಜಾನೆ ಬಾಗಿಲು ಒಡೆದಾಗ ಏಳೂ ಜನ ಸತ್ತಿದ್ದರು. ಶಿವರಾಸನ್ ತಲೆಗೆ ಗುಂಡು, ಉಳಿದವರು ಸಯನೈಡ್.

ಆಗಸ್ಟ್ 20 ರಾಜೀವ್ ಹುಟ್ಟಿದ ದಿನ. ಬದುಕಿದ್ದಿದ್ರೆ ಅವತ್ತಿಗೆ 47.

ಸುದ್ದಿ ಹರಡಿ ನೋಡೋಕೆ ಜನ ಸೇರಿದರು. ಸೇರಲೇಬೇಕಲ್ಲ? ಇವತ್ತಾಗಿದ್ದಿದ್ರೆ ನಾವೂ ಲೈವ್ ಹಾಕ್ತಿದ್ವಿ.

ಏಳು ಜನರ ಜೊತೆ ಏಳು ಉತ್ತರಗಳೂ ಸತ್ತವು. ಯಾರು ಯಾವಾಗ ಏನು ಹೇಳಿ ಕಳಿಸಿದರು, ಶುಭಾ ಯಾವತ್ತಾದರೂ ವಾಪಸ್ ಹೋಗಬೇಕು ಅಂದ್ಕೊಂಡಿದ್ದಳಾ, ಆ ಹತ್ತು ಫೋಟೋ ನೋಡಿ ಅವರಿಗೆ ಏನನ್ನಿಸಿತು. ರಾಕ್ಷಸ ಸತ್ತ ಅಂತ ಸಮಾಧಾನ ಮಾಡಿಕೊಳ್ಳೋದು ಸುಲಭ. ಕಟಕಟೆಯಲ್ಲಿ ನಿಂತು ಪ್ರಶ್ನೆಗೆ ಉತ್ತರ ಕೊಡೋ ಮನುಷ್ಯನಿಂದ ಕಲಿಯೋದು ಜಾಸ್ತಿ ಇರುತ್ತೆ.

ಭಾಗ 8/10: ಅದೇ ವರ್ಷ, ಡಿಸೆಂಬರ್

ಇಲ್ಲಿಗೆ ಮುಗಿಸಿದರೆ ರಾಕ್ಷಸರು ಸಮುದ್ರದ ಆಚೆಯಿಂದ ಬಂದರು, ನಾವು ನೋಡಿದ್ವಿ ಅಂತ ಆಗುತ್ತೆ. ಅದಕ್ಕೇ ಈ ಭಾಗ. ಓದೋಕೆ ಇಷ್ಟ ಆಗಲ್ಲ, ಆದರೂ ಓದಿ.

1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು. ಡಿಸೆಂಬರ್ 11ಕ್ಕೆ ಅದು ಕೇಂದ್ರದ ಗೆಜೆಟ್‌ನಲ್ಲಿ ಬಂತು. ರೈತರ ಸಿಟ್ಟಿಗೆ ಕಾರಣ ಇತ್ತು. ನೀರಿನ ಪ್ರಶ್ನೆ ನಿಜವಾದ ಪ್ರಶ್ನೆಯೇ.

ಆದರೆ 12, 13ರಂದು ಬೆಂಗಳೂರಿನಲ್ಲಿ ಆಗಿದ್ದು ನೀರಿನ ಪ್ರಶ್ನೆಯಾಗಿ ಉಳಿಯಲಿಲ್ಲ. ತಮಿಳು ಮಾತಾಡೋರ ಅಂಗಡಿ, ಗುಡಿಸಲು, ವಾಹನಗಳಿಗೆ ಬೆಂಕಿ ಬಿತ್ತು. ಜನ ಸತ್ತರು. ಸಾವಿರಾರು ಮಂದಿ ಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವರಲ್ಲಿ ಬಹಳಷ್ಟು ಜನ ಕೂಲಿಯವರು, ಇಲ್ಲೇ ಹುಟ್ಟಿದವರು. ಗಡಿಯಾಚೆ ತಮಿಳುನಾಡಿನಲ್ಲಿ ಕನ್ನಡಿಗರ ಮೇಲೂ ದಾಳಿ ಆಯ್ತು.

ಬೆಂಕಿ ಹಚ್ಚಿದವರಿಗೆ ಯಾವ ನಾಯಕನೂ ಕುತ್ತಿಗೆಗೆ ಕುಪ್ಪಿ ಕಟ್ಟಿರಲಿಲ್ಲ. ಕಾಡಿನಲ್ಲಿ ತರಬೇತಿ ಆಗಿರಲಿಲ್ಲ. ಹಿಂದಿನ ದಿನ ಅದೇ ಅಂಗಡಿಯಲ್ಲಿ ಟೀ ಕುಡಿದವರೂ ಇದ್ದಿರಬಹುದು. ಒಂದು ಸಂಜೆಗೆ ಟೀ ಅಂಗಡಿಯವನು ಮನುಷ್ಯ ಅಲ್ಲ, ಒಂದು ಭಾಷೆ ಆಗಿಬಿಟ್ಟ. ಭಾಷೆಯ ಬೋರ್ಡಿಗೆ ಕಲ್ಲು ಹೊಡೆದ ಹಾಗೆ ಅವನಿಗೂ ಹೊಡೆದರು.

1984ರಲ್ಲಿ ಇಂದಿರಾ ಕೊಲೆಯಾದ ಮೇಲೆ ದೆಹಲಿಯಲ್ಲೂ ಹೀಗೇ. ಸರ್ಕಾರದ ಲೆಕ್ಕದಲ್ಲೇ 2,733 ಜನರ ಕೊಲೆ. ಪೇಟ ಕಂಡರೆ ಸಾಕಿತ್ತು. ರಾಜೀವ್ ಪ್ರಧಾನಿ ಆದ ಮೊದಲ ದಿನಗಳವು, ಅವರ ಪಕ್ಷದವರ ಮೇಲೇ ಆರೋಪ.

ಧನು ಮಾಡಿದ ಲೆಕ್ಕ, ಗುಂಪು ಮಾಡಿದ ಲೆಕ್ಕ ಎರಡೂ ಒಂದೇ. ಎದುರಿಗಿರೋ ಮುಖ ಅಳಿಸಿ ಅಲ್ಲೊಂದು ಗುರುತು ಅಂಟಿಸೋದು.

ಭಾಗ 9/10: ಮುಖ ವಾಪಸ್ ಬರೋದು

ಹಾಗಾದರೆ ಉಲ್ಟಾ ದಾರಿ ಇದೆಯಾ? ಇದೆ, ಆದರೆ ನಿಧಾನ.

1998ರ ಜನವರಿ 28ರಂದು ವಿಶೇಷ ನ್ಯಾಯಾಲಯ 26 ಮಂದಿಗೂ ಗಲ್ಲು ವಿಧಿಸಿತು. 1999ರ ಮೇ 11ಕ್ಕೆ ಸುಪ್ರೀಂ ಕೋರ್ಟ್ ಒಬ್ಬೊಬ್ಬರ ಪಾತ್ರವನ್ನೂ ಬೇರೆ ಬೇರೆಯಾಗಿ ನೋಡಿತು. 19 ಮಂದಿ ಬಿಡುಗಡೆ, ನಾಲ್ವರಿಗೆ ಗಲ್ಲು, ಮೂವರಿಗೆ ಜೀವಾವಧಿ. ಅಂದ್ರೆ ಊರೆಲ್ಲ 'ರಾಕ್ಷಸರು' ಅಂತ ಒಂದೇ ಬುಟ್ಟಿಗೆ ಹಾಕಿದ್ದ 26ರಲ್ಲಿ ಹೆಚ್ಚಿನವರಿಗೆ ಕೊಲೆಯ ಸಂಚೇ ಸಾಬೀತಾಗಲಿಲ್ಲ.

ಬಂಧನವಾದಾಗ ಪೇರರಿವಾಳನ್‌ಗೆ 19 ವರ್ಷ, ನಮ್ಮ ಡಿಗ್ರಿ ವಯಸ್ಸು. ಅವನ ಮೇಲಿದ್ದ ಮುಖ್ಯ ಆರೋಪ ಎರಡು ಬ್ಯಾಟರಿ ಕೊಂಡುಕೊಟ್ಟಿದ್ದು. ಯಾಕೆ ಬೇಕು ಅಂತ ತನಗೆ ಗೊತ್ತಿರಲಿಲ್ಲ ಅಂತ ಅವನು ಹೇಳಿದ್ದನ್ನು ತಾನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ ಅಂತ ಹೇಳಿಕೆ ದಾಖಲಿಸಿದ ಸಿಬಿಐ ಅಧಿಕಾರಿ ತ್ಯಾಗರಾಜನ್ 2013ರಲ್ಲಿ ಒಪ್ಪಿಕೊಂಡರು. ಅಮ್ಮ ಅರ್ಪುತಮ್ಮಾಳ್ ಮಗನಿಗಾಗಿ ಜೈಲಿಂದ ಕೋರ್ಟಿಗೆ, ಕೋರ್ಟಿಂದ ಜೈಲಿಗೆ ಮೂವತ್ತು ವರ್ಷ ಅಲೆದರು. 2022ರ ಮೇ 18ಕ್ಕೆ ಬಿಡುಗಡೆ ಆಯ್ತು.

ಇನ್ನೊಂದು ಘಟನೆ. 2008ರ ಮಾರ್ಚ್ 19ರಂದು ಪ್ರಿಯಾಂಕಾ ಗಾಂಧಿ ವೆಲ್ಲೂರು ಜೈಲಿಗೆ ಹೋಗಿ, ಅಪ್ಪನ ಕೊಲೆ ಕೇಸಿನಲ್ಲಿ ಶಿಕ್ಷೆಯಾದ ನಳಿನಿಯನ್ನು ಭೇಟಿಯಾದರು. ಕ್ಯಾಮೆರಾ ಇಲ್ಲದೆ. ಆಮೇಲೆ ಸುದ್ದಿ ಹೊರಬಂತು. ಕ್ಷಮಿಸಬೇಕೋ ಬೇಡವೋ ಅದು ನೋವು ತಿಂದವರಿಗೆ ಬಿಟ್ಟಿದ್ದು. ಅವತ್ತು ಸತ್ತ ಪೊಲೀಸರ ಮನೆಯವರು ಬಿಡುಗಡೆಯನ್ನು ಒಪ್ಪದಿದ್ದರೆ ಅದೂ ನ್ಯಾಯವೇ. ನಾನು ನೋಡೋದು ಇಷ್ಟೇ: ಇಬ್ಬರು ಹೆಂಗಸರು ಪೋಸ್ಟರ್ ಅಲ್ಲದೆ ಎದುರುಬದುರು ಕೂತರು.

ಭಾಗ 10/10: ಯಾರ ಹೆಸರು ಉಳಿಯುತ್ತೆ?

ಕ್ರಿ.ಪೂ. 356ರಲ್ಲಿ ಹೆರೋಸ್ಟ್ರಾಟಸ್ ಅನ್ನೋನು ಎಫೆಸಸ್ ಪಟ್ಟಣದ ಆರ್ಟೆಮಿಸ್ ದೇವಾಲಯಕ್ಕೆ ಬೆಂಕಿ ಇಟ್ಟ. ಕಾರಣ? ಹೆಸರು ಉಳೀಬೇಕು ಅಂತ. ಅವನ ಹೆಸರೇ ಎತ್ತಬಾರದು ಅಂತ ಊರವರು ನಿಷೇಧ ಹಾಕಿದರು. ಆದರೂ ಉಳಿಯಿತು, ನೋಡಿ ನಾನೇ ಬರೆದೆ. 2019ರಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಹೆಸರನ್ನು ಪ್ರಧಾನಿ ಜೆಸಿಂಡಾ ಆರ್ಡರ್ನ್ ಹೇಳಲು ಒಪ್ಪಲಿಲ್ಲ. ಸತ್ತವರ ಹೆಸರು ಹೇಳಿ ಅಂದರು.

ನಮ್ಮ ಕಥೆಗೂ ಸಿನಿಮಾ ಬಂತು. 2006ರಲ್ಲಿ ಎ.ಎಂ.ಆರ್. ರಮೇಶ್ ಅವರ 'ಸಯನೈಡ್', 2025ರಲ್ಲಿ ಒಂದು ಹಿಂದಿ ವೆಬ್ ಸರಣಿ. ಕಥೆ ಹೇಳೋದು ತಪ್ಪಲ್ಲ, ಹೇಳದಿದ್ದರೆ ಮರೆತೇ ಹೋಗುತ್ತೆ. ಆದರೆ ನೋಡಿ ಎದ್ದ ಮೇಲೆ ನಮಗೆ ನೆನಪಿರೋದು ಯಾರು? ಶಿವರಾಸನ್, ಧನು, ಶುಭಾ.

ಹಾಗಾಗಿ ಈ ಹೆಸರುಗಳನ್ನೂ ಒಮ್ಮೆ ಜೋರಾಗಿ ಓದಿ. ರಾಜೀವ್ ಅಂಗರಕ್ಷಕ ಪಿ.ಕೆ. ಗುಪ್ತ. ಎಸ್‌ಪಿ ಮೊಹಮ್ಮದ್ ಇಕ್ಬಾಲ್. ಇನ್‌ಸ್ಪೆಕ್ಟರ್ ರಾಜಗುರು. ಮಹಿಳಾ ಕಾನ್‌ಸ್ಟೆಬಲ್ ಚಂದ್ರಾ. ಡ್ಯೂಟಿಗೆ ಅಂತ ಹೋದವರು, ಮನೆಗೆ ಬರಲಿಲ್ಲ. ಇವರ ಮೇಲೆ ಯಾರೂ ರೀಲ್ ಮಾಡಲ್ಲ.

ನನಗೆ ಅರ್ಥ ಆಗಿರೋದನ್ನು ಚಿಕ್ಕದಾಗಿ ಹೇಳ್ತೀನಿ. ಗಾಯ ಮನುಷ್ಯನನ್ನು ರಾಕ್ಷಸ ಮಾಡಲ್ಲ. ಗಾಯದ ಮೇಲೆ 'ನೀನು ದೊಡ್ಡ ಹೆಸರು ಮಾಡ್ತೀಯ, ಎದುರಿಗಿರೋನು ಮನುಷ್ಯನೇ ಅಲ್ಲ' ಅನ್ನೋ ಎರಡು ಮಾತು ಸೇರಿದಾಗ ವೇಷ ಪೂರ್ತಿ ಆಗುತ್ತೆ. ಮೊದಲ ಮಾತು ನಮ್ಮ ಫೋನ್ ದಿನಾ ಹೇಳುತ್ತೆ. ಎರಡನೇ ಮಾತನ್ನು ಕಾಮೆಂಟ್ ಬಾಕ್ಸ್‌ನಲ್ಲಿ ನಾವೇ ದಿನಾ ಬರೀತೀವಿ: ಒಬ್ಬ ನಟನಿಗೆ, ಸೋತ ಆಟಗಾರನಿಗೆ, ಬೇರೆ ಭಾಷೆ ಮಾತಾಡಿದ ಡೆಲಿವರಿ ಹುಡುಗನಿಗೆ.

ಮುಂದಿನ ಸಲ ಕೋಣನಕುಂಟೆ ಕ್ರಾಸ್‌ನಲ್ಲಿ ಇಳಿದಾಗ ಆ ಮನೆ ಎಲ್ಲಿ ಅಂತ ಹುಡುಕೋಕೆ ಹೋಗಬೇಡಿ. ಅಲ್ಲಿ ಈಗ ಯಾರೋ ಬದುಕ್ತಿರ್ತಾರೆ, ಅವರನ್ನು ಅವರ ಪಾಡಿಗೆ ಬಿಡಿ.

ಮನೆಯಲ್ಲಿ ದೊಡ್ಡವರಿಗೆ 1991ರ ಆಗಸ್ಟ್ ನೆನಪಿದೆಯಾ, ಡಿಸೆಂಬರ್ ನೆನಪಿದೆಯಾ, ಎರಡನ್ನೂ ಕೇಳಿ. ಅವರು ಹೇಳಿದ್ದನ್ನು ಕೆಳಗೆ ಬರೀರಿ. ಹೆಸರು ಬೇಡ, ನೆನಪು ಸಾಕು.

#ಕೋಣನಕುಂಟೆ #ನಮ್ಮೂರಇತಿಹಾಸ #ದಕ್ಷಿಣಬೆಂಗಳೂರು #1991